1673ರ ಹೈಗನ್ಸ್ ಗಡಿಯಾರದ ರೆಪ್ಲಿಕಾ: ನಿಲ್ಲುತ್ತೆ, ಮುಂದೆ ಓಡುತ್ತೆ, ತಪ್ಪು ಎಲ್ಲಿದೆ ಅಂತ ಹುಡುಕಿದ ರೀತಿ

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1673ರಲ್ಲಿ ಪ್ಯಾರಿಸ್‌ನಲ್ಲಿ ಹೊರೊಲೋಜಿಯಂ ಆಸಿಲೇಟೋರಿಯಂ ಅನ್ನೋ ಪುಸ್ತಕ ತಂದ್ರು, ಅದರ ಮೊದಲನೇ ಭಾಗದಲ್ಲಿ ಒಂದು ಗಡಿಯಾರದ ಚಿತ್ರ ಮತ್ತು ವಿವರಣೆ ಇದೆ, ತೂಕದಿಂದ ನಡೆಯೋದು, ಸೆಕೆಂಡಿಗೊಂದು ಬಡಿತ, ವರ್ಜ್ ಎಸ್ಕೇಪ್‌ಮೆಂಟ್ (ಚಕ್ರವನ್ನ ಒಂದೊಂದೇ ಹಲ್ಲಾಗಿ ಬಿಟ್ಟು ಪೆಂಡುಲಮ್ ತಳ್ಳೋ ಹಳೇ ಥರದ ವ್ಯವಸ್ಥೆ), ದಾರಕ್ಕೆ ನೇತು ಹಾಕಿದ ಪೆಂಡುಲಮ್, ದಾರದ ಎರಡೂ ಪಕ್ಕ ಬಾಗಿದ ಎರಡು ತಗಡು. ಆ ತಗಡಿಗೆ ನಾನು ಕೆನ್ನೆ ಅಂತ ಕರೀತೀನಿ. ಈ ಗಡಿಯಾರವನ್ನ ಅದೇ ಹಲ್ಲಿನ ಲೆಕ್ಕ, ಅದೇ ಜೋಡಣೆಯಲ್ಲಿ ಮಾಡಿದೆ. ಮಾಡಿ ಗೋಡೆಗೆ ಹಾಕಿದ ಮೊದಲನೇ ವಾರದಲ್ಲೇ ಮೂರು ತೊಂದರೆ ಒಟ್ಟಿಗೆ ಬಂತು. ಒಂದು, ನಿಂತುಹೋಗ್ತಿತ್ತು, ಕೆಲವು ಸಲ 40 ನಿಮಿಷಕ್ಕೆ, ಕೆಲವು ಸಲ ಐದು ಗಂಟೆ ಆದ್ಮೇಲೆ. ಎರಡು, ನಡೆದಷ್ಟು ಹೊತ್ತು ದಿನಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ ಮುಂದೆ ಹೋಗೋ ಲೆಕ್ಕದಲ್ಲಿ ಓಡ್ತಿತ್ತು. ಮೂರು, ಆ ಮುಂದೆ ಹೋಗೋ ಪ್ರಮಾಣ ಕೂಡ ಒಂದೇ ಥರ ಇರ್ಲಿಲ್ಲ, ಒಂದಿನಕ್ಕೂ ಇನ್ನೊಂದಿನಕ್ಕೂ ಒಂದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ.

ನಾನು ಮಾಡಿದ ಮೊದಲನೇ ಕೆಲಸ ಪ್ಯಾಲೆಟ್‌ಗೆ, ಅಂದ್ರೆ ವರ್ಜ್ ಕಡ್ಡಿಯಲ್ಲಿರೋ, ಚಕ್ರದ ಹಲ್ಲನ್ನ ತಡೆದು ಬಿಡೋ ಎರಡು ಪುಟ್ಟ ರೆಕ್ಕೆಗಳಿಗೆ, ಅರ ಹಾಕಿದ್ದು. ಅದು ತಪ್ಪು. ಮೂರು ವಾರಾಂತ್ಯ ಹೋಯ್ತು, ವರ್ಜ್ ಕಡ್ಡಿಯನ್ನ ಪೂರ್ತಿ ಹೊಸದಾಗಿ ಮಾಡ್ಬೇಕಾಯ್ತು, ದೋಷ ಅಲ್ಲಿ ಇರ್ಲೇ ಇಲ್ಲ. ಉಕ್ಕನ್ನ ಒಂದ್ಸಲ ತೆಗೆದ್ರೆ ವಾಪಸ್ ಹಾಕೋಕಾಗಲ್ಲ, ಹಾಗಾಗಿ ಪ್ಯಾಲೆಟ್ ಮುಟ್ಟೋದು ಯಾವತ್ತೂ ಕೊನೇ ಕೆಲಸ ಆಗಿರ್ಲಿ.

ಹಳೇ ಗಡಿಯಾರದ ರೆಪ್ಲಿಕಾದಲ್ಲಿ ದೋಷ ಹುಡುಕೋದಕ್ಕೂ ಮಾಮೂಲಿ ಗಡಿಯಾರ ರಿಪೇರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಾಮೂಲಿ ಗಡಿಯಾರ ಹಿಂದೆ ಯಾವತ್ತೋ ಸರಿಯಾಗಿ ನಡೆದಿದೆ, ಆಮೇಲೆ ಕೆಟ್ಟಿದೆ ಅಂತ ಗೊತ್ತಿರುತ್ತೆ. ರೆಪ್ಲಿಕಾ ಯಾವತ್ತೂ ನಡೆದೇ ಇಲ್ಲ. ಹಾಗಾಗಿ ಪ್ರತಿ ತೊಂದರೆಗೂ ಮೂರು ಪ್ರಶ್ನೆ ಕೇಳ್ಬೇಕು: ಇದು ನನ್ನ ಕೈತಪ್ಪಾ, ನಾನು ಓದಿ ಅರ್ಥ ಮಾಡ್ಕೊಂಡಿದ್ದರ ತಪ್ಪಾ, ಇಲ್ಲಾ ಆ ಗಡಿಯಾರದ ಸ್ವಭಾವವೇ ಹಾಗಾ. ಕೈತಪ್ಪನ್ನ ತಿದ್ದಬೇಕು, ಓದಿನ ತಪ್ಪಾದ್ರೆ ಮತ್ತೆ ಓದಿ ಆ ಭಾಗವನ್ನೇ ಮತ್ತೆ ಮಾಡ್ಬೇಕು, ಸ್ವಭಾವ ಆದ್ರೆ ಮುಟ್ಟಬಾರದು, ಯಾಕಂದ್ರೆ ಅದನ್ನ ತಿದ್ದಿದ ಕ್ಷಣ ನಿಮ್ಮ ಕೈಯಲ್ಲಿರೋದು 1673ರ ಗಡಿಯಾರ ಅಲ್ಲ. ನನ್ನ ಮೂರು ತೊಂದರೆಗಳಲ್ಲಿ ಮೂರೂ ಥರದ್ದೂ ಇತ್ತು.

ಚಕ್ರಗಳ ಲೆಕ್ಕ

ಮುಂದಿನದೆಲ್ಲ ಅರ್ಥ ಆಗೋಕೆ ಈ ಲೆಕ್ಕ ಬೇಕು. ತೂಕ ನೇರವಾಗಿ ತಿರುಗಿಸೋ ದೊಡ್ಡ ಚಕ್ರಕ್ಕೆ 80 ಹಲ್ಲು, ಅದು 8 ಹಲ್ಲಿನ ಪಿನಿಯನ್ (ಚಿಕ್ಕ ಹಲ್ಲುಚಕ್ರ) ತಿರುಗಿಸುತ್ತೆ. ಆ ಪಿನಿಯನ್ ಇರೋ ಅಚ್ಚಿನ ಮೇಲೆ 48 ಹಲ್ಲಿನ ಚಕ್ರ, ಅದು ಇನ್ನೊಂದು 8ರ ಪಿನಿಯನ್ ತಿರುಗಿಸುತ್ತೆ. ಅದರ ಅಚ್ಚಲ್ಲಿ ಮತ್ತೆ 48 ಹಲ್ಲಿನ ಚಕ್ರ, ಆದ್ರೆ ಇದರ ಹಲ್ಲು ಪಕ್ಕಕ್ಕೆ ಚಾಚಿಕೊಂಡಿರುತ್ತೆ, ಯಾಕಂದ್ರೆ ಇದು ನೆಟ್ಟಗೆ ನಿಂತಿರೋ ಅಚ್ಚಿನ ಮೇಲಿನ 24ರ ಪಿನಿಯನ್‌ನ ತಿರುಗಿಸ್ಬೇಕು. ಆ ನೆಟ್ಟಗಿನ ಅಚ್ಚಿನ ತಲೆ ಮೇಲೆ 15 ಹಲ್ಲಿನ ಕ್ರೌನ್ ವೀಲ್, ಕಿರೀಟದ ಥರದ ಚಕ್ರ, ಪ್ಯಾಲೆಟ್ ತಡೆದು ಬಿಡೋದು ಇದರ ಹಲ್ಲನ್ನೇ. ಕ್ರೌನ್ ವೀಲ್‌ನ ಒಂದೊಂದು ಹಲ್ಲೂ ಎರಡು ಬಡಿತ ಕೊಡುತ್ತೆ, ಅಂದ್ರೆ ಒಂದು ಸುತ್ತಿಗೆ 30. ಈಗ ಗುಣಿಸಿ: 10, 6, 2, 30, ಒಟ್ಟು 3600. ದೊಡ್ಡ ಚಕ್ರ ಗಂಟೆಗೊಂದು ಸುತ್ತು, ಎರಡನೇದು 6 ನಿಮಿಷಕ್ಕೊಂದು, ಪಕ್ಕದ ಹಲ್ಲಿಂದು ನಿಮಿಷಕ್ಕೊಂದು, ಕ್ರೌನ್ ವೀಲ್ 30 ಸೆಕೆಂಡಿಗೊಂದು. ಇನ್ಮುಂದೆ ಅವನ್ನ ಗಂಟೆ ಚಕ್ರ, ಆರು ನಿಮಿಷದ ಚಕ್ರ, ನಿಮಿಷದ ಚಕ್ರ ಅಂತಾನೇ ಕರೀತೀನಿ. ನೀವು ಬೇರೆ ಗಡಿಯಾರ ಮಾಡ್ತಿದ್ರೂ ಮೊದಲು ಈ ಪಟ್ಟಿ ಬರ್ಕೊಳ್ಳಿ, ಲೆಕ್ಕ ಪೆಂಡುಲಮ್ ಉದ್ದಕ್ಕೆ ತಾಳೆ ಆಗ್ದೇ ಇದ್ರೆ ಹಲ್ಲು ಎಣಿಸಿದ್ದೇ ತಪ್ಪು, ಇಲ್ಲಾ ನೀವು ಅಳತೆ ತಗೊಂಡ ಮೂಲ ಗಡಿಯಾರದಲ್ಲಿ ಯಾರೋ ಆಮೇಲೆ ಚಕ್ರ ಬದಲಾಯಿಸಿದ್ದಾರೆ.

ಬಿಚ್ಚೋಕೆ ಮುಂಚೆ ನೋಡ್ಬೇಕಾದ್ದು

ಗಡಿಯಾರ ನಿಲ್ಲುತ್ತೆ ಅಂದ್ರೆ ಎಲ್ಲರೂ ಒಳಗೆ ನೋಡ್ತಾರೆ. ಮೊದಲು ಹೊರಗೆ ನೋಡಿ. ಒಂದು ಮೀಟರ್ ಹತ್ತಿರದ ಪೆಂಡುಲಮ್, ಕೆಳಗೆ ಭಾರದ ಗುಂಡು, ಇದನ್ನ ಅಲ್ಲಾಡೋ ಸ್ಟ್ಯಾಂಡ್ ಮೇಲೆ ಇಟ್ರೆ ಸ್ಟ್ಯಾಂಡೂ ಜೊತೆಗೆ ತೂಗುತ್ತೆ, ಕ್ರೌನ್ ವೀಲ್ ಕೊಡೋ ಶಕ್ತಿ ಎಲ್ಲ ಅಲ್ಲೇ ಹೋಗುತ್ತೆ. ಬೆರಳನ್ನ ಸ್ಟ್ಯಾಂಡ್ ಮೇಲೂ ಗೋಡೆ ಮೇಲೂ ಒಟ್ಟಿಗೆ ಇಟ್ಟು ನೋಡಿ, ಮಧ್ಯೆ ಅಲುಗಾಟ ಗೊತ್ತಾದ್ರೆ ಮೊದಲು ಅದನ್ನ ಬಿಗಿ ಮಾಡಿ. ಇದು ಸಣ್ಣ ವಿಷಯ ಅಲ್ಲ, 1665ರಲ್ಲಿ ಹೈಗನ್ಸ್ ಹುಷಾರಿಲ್ಲದೆ ಮಲಗಿದ್ದಾಗ ಒಂದೇ ಆಸರೆಗೆ ನೇತು ಹಾಕಿದ್ದ ಎರಡು ಗಡಿಯಾರ ತಮ್ಮಷ್ಟಕ್ಕೆ ತಾವೇ ಒಂದಕ್ಕೊಂದು ಎದುರು ಬದುರು ತಾಳ ಹಿಡಿದು ತೂಗೋದನ್ನ ಗಮನಿಸಿದ್ರು, ಆಸರೆ ಮೂಲಕ ಶಕ್ತಿ ಹರಿಯುತ್ತೆ ಅನ್ನೋದಕ್ಕೆ ಅದಕ್ಕಿಂತ ಚೆನ್ನಾಗಿರೋ ಸಾಕ್ಷಿ ಬೇಕಿಲ್ಲ.

ಇದೇ ಕಾರಣಕ್ಕೆ ಬರೋ ಇನ್ನೊಂದು ತೊಂದರೆ ತುಂಬಾ ಜನರನ್ನ ದಾರಿ ತಪ್ಪಿಸುತ್ತೆ. ತೂಕ ನೇತಾಡೋ ಹಗ್ಗದ ಉದ್ದ ಇಳೀತಾ ಇಳೀತಾ ಪೆಂಡುಲಮ್ ಉದ್ದದಷ್ಟೇ ಆದಾಗ ತೂಕವೂ ಸೆಕೆಂಡ್ ಪೆಂಡುಲಮ್ (ಸೆಕೆಂಡಿಗೊಂದು ಬಡಿತದ ಪೆಂಡುಲಮ್) ಥರ ಆಗಿಬಿಡುತ್ತೆ, ಅದೂ ನಿಧಾನಕ್ಕೆ ತೂಗೋಕೆ ಶುರು ಮಾಡುತ್ತೆ, ಗಡಿಯಾರದ ಪೆಂಡುಲಮ್ ಸೊರಗಿ ನಿಲ್ಲುತ್ತೆ. ಗಡಿಯಾರ ಪ್ರತಿ ಸಲ ತೂಕ ಒಂದೇ ಎತ್ತರದಲ್ಲಿದ್ದಾಗ ನಿಲ್ತಿದ್ರೆ ಇದನ್ನೇ ಮೊದಲು ಅನುಮಾನಿಸಿ. ಮದ್ದು ಒಂದೇ, ಇಡೀ ಗಡಿಯಾರವನ್ನ ಗೋಡೆಗೆ ಇನ್ನೂ ಗಟ್ಟಿಯಾಗಿ ಕೂರಿಸೋದು.

ಆಮೇಲೆ ಬಡಿತ ಕೇಳಿಸ್ಕೊಳ್ಳಿ. ಟಿಕ್ ಟಾಕ್ ಮಧ್ಯದ ಅಂತರ ಎರಡೂ ಕಡೆ ಸಮ ಇರ್ಬೇಕು, ಕುಂಟ್ತಿದ್ರೆ ಕ್ರಚ್‌ನ ಒಂದು ಚೂರು ಬಗ್ಗಿಸಿ ಸರಿ ಮಾಡಿ. ಕ್ರಚ್ ಅಂದ್ರೆ ವರ್ಜ್ ಕಡ್ಡಿಯಿಂದ ಕೆಳಗಿಳಿದು ಪೆಂಡುಲಮ್ ಕಂಬಿಯನ್ನ ಹಿಡ್ಕೊಳ್ಳೋ ಕವಲು. ಅದರ ಕವಲಿನಲ್ಲಿ ಕಂಬಿಗೆ ಒಂದು ಕಾಗದದ ದಪ್ಪದಷ್ಟು ಜಾಗ ಸಾಕು, ಬಿಗಿ ಆದ್ರೆ ಉಜ್ಜುತ್ತೆ, ಸಡಿಲ ಆದ್ರೆ ಪ್ರತಿ ಬಡಿತದಲ್ಲೂ ಸ್ವಲ್ಪ ಶಕ್ತಿ ವ್ಯರ್ಥ ಆಗುತ್ತೆ, ಕಟಕಟ ಶಬ್ದ ಬೇರೆ ಬರುತ್ತೆ.

ಹಗ್ಗ. ಈ ಗಡಿಯಾರಕ್ಕೆ ತುದಿ ಇಲ್ಲದ ಹಗ್ಗ, ಅಂದ್ರೆ ಒಂದೇ ಬಳೆ ಥರ ಜೋಡಿಸಿದ್ದು, ಮುಳ್ಳಿರೋ ರಾಟೆ ಮೇಲೆ ಹಾದು ಹೋಗುತ್ತೆ, ದೊಡ್ಡ ತೂಕ ಒಂದು ಕುಣಿಕೆಯಲ್ಲಿ, ಹಗ್ಗವನ್ನ ಬಿಗಿಯಾಗಿ ಇಡೋ ಚಿಕ್ಕ ತೂಕ ಇನ್ನೊಂದು ಕುಣಿಕೆಯಲ್ಲಿ. ಹೈಗನ್ಸ್ ಇದನ್ನ ಮಾಡಿದ್ದೇ ಹಗ್ಗ ಎಳೆದು ತೂಕ ಮೇಲೆ ಏರಿಸೋ ಹೊತ್ತಲ್ಲೂ ಗಡಿಯಾರಕ್ಕೆ ಶಕ್ತಿ ಸಿಗ್ಲಿ ಅಂತ. ಇದರಲ್ಲಿ ನೆನಪಿಡ್ಬೇಕಾದ್ದು, ದೊಡ್ಡ ತೂಕದ ಅರ್ಧ ಭಾಗ ಮಾತ್ರ ಚಕ್ರಕ್ಕೆ ಸಿಗೋದು, ಅದರಲ್ಲೂ ಚಿಕ್ಕ ತೂಕದ ಅರ್ಧ ಕಳೀಬೇಕು. ತೂಕ ಸಾಕಷ್ಟಿದೆ ಅಂತ ನೀವು ಅಂದ್ಕೊಂಡಿರೋದು ನಿಜವಾಗ್ಲೂ ಅರ್ಧಕ್ಕಿಂತ ಕಡಿಮೆ. ಹಗ್ಗ ಸಣ್ಣ ಇದ್ರೆ ಮುಳ್ಳಿಗೆ ಕಚ್ಚಲ್ಲ, ಜಾರುತ್ತೆ, ಆಗ ತೂಕ ಇಳಿದಿರುತ್ತೆ ಆದ್ರೆ ಗಡಿಯಾರ ನಿಂತಿರುತ್ತೆ. ಹಗ್ಗದ ಜೋಡಣೆ ದಪ್ಪ ಇದ್ರೆ ಅದು ರಾಟೆ ಮೇಲೆ ಬಂದಾಗ ಮಾತ್ರ ತೊಂದರೆ ಬರುತ್ತೆ. ರಾಟೆ ಸುತ್ತಳತೆ 80 ಮಿಮೀ ಇದ್ರೆ ಗಂಟೆಗೆ ಅಷ್ಟೇ ಹಗ್ಗ ಹಾಯುತ್ತೆ, ತೂಕ ಅದರ ಅರ್ಧ 40 ಮಿಮೀ ಇಳಿಯುತ್ತೆ, ಹಾಗಾಗಿ ಜೋಡಣೆ ಮುಂದಿನ ಸಲ ಎಷ್ಟು ಗಂಟೆಗೆ ಬರುತ್ತೆ ಅಂತ ಮುಂಚೇನೇ ಲೆಕ್ಕ ಹಾಕ್ಬಹುದು, ಆ ಹೊತ್ತಿಗೇ ನಿಂತ್ರೆ ಸಂಶಯ ಉಳಿಯಲ್ಲ.

ನನ್ನದ್ರಲ್ಲಿ ಇದೆಲ್ಲ ಸರಿ ಇತ್ತು.

ನಿಂತ ಜಾಗ ಗುರುತು ಹಾಕೋದು

ನನಗೆ ದಾರಿ ತೋರಿಸಿದ್ದು ಇದು. ಒಂದು ಮಾರ್ಕರ್ ತಗೊಂಡು ನಾಲ್ಕೂ ಚಕ್ರಗಳಲ್ಲಿ ಒಂದೊಂದು ಹಲ್ಲಿಗೆ ಚುಕ್ಕೆ ಇಡಿ. ಗಡಿಯಾರ ಪ್ರತಿ ಸಲ ನಿಂತಾಗ ಏನೂ ಮುಟ್ಟದೆ ನಾಲ್ಕೂ ಚುಕ್ಕೆ ಎಲ್ಲಿದೆ ಅಂತ ಬರ್ಕೊಳ್ಳಿ, ಗಡಿಯಾರದ ಮುಖದ ಥರ, ಚುಕ್ಕೆ 3 ಗಂಟೆ ಕಡೆ, 7 ಗಂಟೆ ಕಡೆ ಅಂತ. ಹತ್ತು ಸಲ ನಿಲ್ಲೋವರೆಗೂ ತಾಳ್ಮೆಯಿಂದ ಬರೀರಿ.

ಯಾಕೆ ಇದು ಕೆಲಸ ಮಾಡುತ್ತೆ ಅಂದ್ರೆ, ಈ ಗಡಿಯಾರದಲ್ಲಿ ಎಲ್ಲಾ ಅನುಪಾತವೂ ಪೂರ್ಣ ಸಂಖ್ಯೆ. 48ನ್ನ 8ರಿಂದ ಭಾಗಿಸಿದ್ರೆ ಶೇಷ ಇಲ್ಲ, ಹಾಗಾಗಿ ಚಕ್ರದ ಒಂದು ಹಲ್ಲು ಪ್ರತಿ ಸುತ್ತಲ್ಲೂ ಪಿನಿಯನ್‌ನ ಅದೇ ಹಲ್ಲನ್ನೇ ಭೇಟಿ ಆಗುತ್ತೆ. ನಿಧಾನದ ಚಕ್ರ ಒಂದು ಜಾಗಕ್ಕೆ ವಾಪಸ್ ಬಂದ್ರೆ ಅದಕ್ಕಿಂತ ವೇಗದ ಚಕ್ರಗಳೂ ಅದೇ ಜಾಗಕ್ಕೆ ವಾಪಸ್ ಬಂದಿರುತ್ತೆ, ಆದ್ರೆ ಅದರ ಉಲ್ಟಾ ನಿಜ ಅಲ್ಲ. ಹಾಗಾಗಿ ದೋಷ ಯಾವ ಚಕ್ರದ್ದು ಅಂತ ಹೀಗೆ ಓದ್ಬಹುದು: ಯಾವಾಗ್ಲೂ ಒಂದೇ ಜಾಗದಲ್ಲಿ ಸಿಗೋ ಚಕ್ರಗಳಲ್ಲಿ ಅತಿ ನಿಧಾನದ್ದು ಯಾವ್ದೋ ಅದೇ ದೋಷಿ. ಕ್ರೌನ್ ವೀಲ್ ಚುಕ್ಕೆ ಮಾತ್ರ ಒಂದೇ ಕಡೆ ಇದ್ದು ನಿಮಿಷದ ಚಕ್ರ ಎರಡು ಎದುರು ಬದುರು ಜಾಗದಲ್ಲಿ ಸಿಕ್ರೆ ದೋಷ ಕ್ರೌನ್ ವೀಲ್‌ನದ್ದು. ನಿಮಿಷದ ಚಕ್ರವೂ ಒಂದೇ ಕಡೆ, ಆರು ನಿಮಿಷದ್ದು ಮಾತ್ರ ಆರು ಬೇರೆ ಬೇರೆ ಜಾಗದಲ್ಲಿ, ಆಗ ನಿಮಿಷದ ಚಕ್ರ. ಆರು ನಿಮಿಷದ್ದೂ ಒಂದೇ ಕಡೆ ಆದ್ರೆ ಗಂಟೆ ಚಕ್ರ ಹತ್ತು ಜಾಗದಲ್ಲಿ ಅಲೀತಾ ಇದ್ರೆ ಆರು ನಿಮಿಷದ ಚಕ್ರ ಅಥವಾ ಅದರ ಅಚ್ಚಿನ ಪಿನಿಯನ್. ನಾಲ್ಕೂ ಚುಕ್ಕೆ ಎಲ್ಲೆಂದರಲ್ಲಿ ಇದ್ರೆ ಚಕ್ರಗಳ ದೋಷ ಅಲ್ಲ, ಶಕ್ತಿ ಕಡಿಮೆ ಇದೆ, ಇಲ್ಲಾ ದಾರ, ಕ್ರಚ್, ಗಾಳಿ, ಆಸರೆ, ಈ ಕಡೆ ನೋಡಿ.

ನಾನು ಹನ್ನೊಂದು ಸಲ ಬರ್ಕೊಂಡೆ. ಒಂಬತ್ತು ಸಲ ನಿಮಿಷದ ಚಕ್ರದ ಚುಕ್ಕೆ 4 ಮತ್ತು 5ರ ಮಧ್ಯೆ, ಆರು ನಿಮಿಷದ ಚಕ್ರ ಎಲ್ಲೆಲ್ಲೋ. ಅಂದ್ರೆ ಪ್ರತಿ ನಿಮಿಷಕ್ಕೊಮ್ಮೆ ಒಂದು ಬಿಗಿ ಜಾಗ ಬರ್ತಿದೆ. ಹಾಗಾದ್ರೆ ಪ್ರತಿ ನಿಮಿಷವೂ ಯಾಕೆ ನಿಲ್ಲಲ್ಲ ಅಂತ ನನಗೂ ಅನ್ನಿಸ್ತು. ಗುಂಡಿನ ಹಿಂದೆ ಒಂದು ಕಾಗದದ ಮೇಲೆ ಮಿಲಿಮೀಟರ್ ಗೆರೆ ಹಾಕಿ ಅಂಟಿಸಿ ಕೂತು ನೋಡ್ದೆ, ತೂಗೋ ಅಗಲ ನಿಮಿಷಕ್ಕೊಮ್ಮೆ ಉಸಿರಾಡಿದ ಹಾಗೆ ಕುಗ್ಗಿ ಮತ್ತೆ ಹಿಗ್ತಿತ್ತು. ಗುಂಡು ಭಾರ ಇರೋದ್ರಿಂದ ಕೆಲವು ಸೆಕೆಂಡಿನ ಕೊರತೆಯನ್ನ ತಾಳ್ಕೊಂಡು ಮುಂದೆ ಹೋಗ್ತಿತ್ತು, ಅದೇ ಹೊತ್ತಿಗೆ ಬೇರೆ ಏನಾದ್ರೂ ಚೂರು ಅಡ್ಡಿ ಸೇರಿದ್ರೆ, ಬಾಗಿಲು ಹಾಕಿದ ಗಾಳಿ ಸಾಕು, ನಿಲ್ತಿತ್ತು. ಹಾಗಾಗಿ ಯಾವಾಗ್ಲೋ ನಿಲ್ಲುತ್ತೆ ಅನ್ನಿಸಿದ್ರೂ ನಿಲ್ಲೋ ಜಾಗ ಒಂದೇ ಆಗಿತ್ತು.

ಈಗ ಬಿಚ್ಚಿ ನೋಡೋದು. ಇಲ್ಲಿ ಒಂದು ಎಚ್ಚರಿಕೆ, ವರ್ಜ್ ಕಡ್ಡಿ ತೆಗೆಯೋಕೆ ಮುಂಚೆ ತೂಕ ಕಡ್ಡಾಯವಾಗಿ ಇಳಿಸಿ. ತೂಕ ಇದ್ದು ವರ್ಜ್ ತೆಗೆದ್ರೆ ಚಕ್ರಗಳನ್ನ ತಡೆಯೋರು ಯಾರೂ ಇರಲ್ಲ, ಒಂದೇ ಸಲಕ್ಕೆ ಓಡಿ ಕ್ರೌನ್ ವೀಲ್ ಹಲ್ಲು ಬಾಗೋದೇ, ತಿಂಗಳ ಕೆಲಸ ಒಂದು ಸೆಕೆಂಡಲ್ಲಿ ಹಾಳು. ತೂಕ, ವರ್ಜ್ ಎರಡೂ ತೆಗೆದ ಮೇಲೆ ಗಂಟೆ ಚಕ್ರವನ್ನ ಬೆರಳಿಂದ ಹಗುರವಾಗಿ ತಳ್ಳಿ. ಕ್ರೌನ್ ವೀಲ್ ಸುತ್ತಿ, ನಿಧಾನವಾಗಿ, ಕೊನೆಗೆ ಒಂದು ಚೂರು ಹಿಂದಕ್ಕೆ ತಿರುಗಿ ನಿಲ್ಬೇಕು. ಥಟ್ಟನೆ ನಿಂತ್ರೆ ಎಲ್ಲೋ ಹಿಡಿತ ಇದೆ.

ನನ್ನ ನಿಮಿಷದ ಚಕ್ರವನ್ನ ಅಚ್ಚಿನ ಸಮೇತ ಲೇತಲ್ಲಿ ಸುತ್ತಿಸಿ ಡಯಲ್ ಗೇಜ್ ಇಟ್ರೆ ಹಲ್ಲಿನ ತುದಿ 0.25 ಮಿಮೀ ಓಲಾಡ್ತಿತ್ತು. ಮಾಮೂಲಿ ಚಪ್ಪಟೆ ಚಕ್ರದಲ್ಲಿ ಇಷ್ಟು ಪಕ್ಕದ ಓಲಾಟ ಇದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಆದ್ರೆ ಹಲ್ಲು ಪಕ್ಕಕ್ಕೆ ಇರೋ ಚಕ್ರದಲ್ಲಿ ಆ ಓಲಾಟ ನೇರವಾಗಿ ಹಲ್ಲು ಪಿನಿಯನ್ ಒಳಗೆ ಎಷ್ಟು ಆಳ ಹೋಗುತ್ತೆ ಅನ್ನೋದನ್ನ ಬದಲಾಯಿಸುತ್ತೆ, ಒಂದು ಕಡೆ ಆಳ, ಅದರ ಎದುರು ಕಡೆ ಮೇಲೆ ಮೇಲೆ. ಕಾರಣ ನನ್ನ ಬೆಸುಗೆ, ಚಕ್ರವನ್ನ ಹಿತ್ತಾಳೆ ಬಿಲ್ಲೆಗೆ ಬೆಸುಗೆ ಹಾಕೋವಾಗ ಒಂದೇ ಪಕ್ಕಕ್ಕೆ ಶಾಖ ಕೊಟ್ಟಿದ್ದೆ. ಬೆಸುಗೆ ಬಿಡಿಸಿ, ಬಿಲ್ಲೆಯ ಮುಖವನ್ನ ಅಚ್ಚಿನ ಮೇಲೇ ಮತ್ತೆ ಲೇತ್ ಹಿಡಿದು ಚಪ್ಪಟೆ ಮಾಡಿ, ಚಕ್ರ ಕೂರಿಸಿ, ಕೊನೆಗೆ ಓಲಾಟ 0.03 ಮಿಮೀಗೆ ಇಳಿಸಿದೆ. ಜೊತೆಗೆ ಆ ಅಚ್ಚು ಉದ್ದಕ್ಕೆ ಹಿಂದೆ ಮುಂದೆ ಆಡೋ ಪ್ಲೇ ನೋಡಿ, ಈ ಚಕ್ರದಲ್ಲಿ ಹಲ್ಲಿನ ಒತ್ತಡ ಅಚ್ಚನ್ನ ಪಿನಿಯನ್‌ನಿಂದ ದೂರ ತಳ್ಳುತ್ತೆ, ಪ್ಲೇ ಜಾಸ್ತಿ ಇದ್ರೆ ಕೈಯಲ್ಲಿ ನೋಡಿದಾಗ ಇರೋ ಆಳ ತೂಕ ಹಾಕಿದಾಗ ಇರಲ್ಲ. ಆಳ ಪರೀಕ್ಷೆ ಮಾಡೋವಾಗ ಅಚ್ಚನ್ನ ಆ ದೂರದ ಕಡೆಗೇ ತಳ್ಳಿ ಹಿಡಿದು ನೋಡಿ.

ಅಲ್ಲಿಂದ ನಿಲ್ಲೋದು ನಿಂತುಹೋಯ್ತು. ಇದು ಶುದ್ಧ ಕೈತಪ್ಪು.

ಪ್ಯಾಲೆಟ್ ಬಗ್ಗೆ ಸ್ವಲ್ಪ

ನಿಮ್ಮ ದೋಷ ಕ್ರೌನ್ ವೀಲ್ ಕಡೆ ತೋರಿಸಿದ್ರೆ ಅರ ಎತ್ತೋಕೆ ಮುಂಚೆ ಪೆಂಡುಲಮ್‌ನ ಕೈಯಲ್ಲಿ ಹಿಡಿದು ತುಂಬಾ ನಿಧಾನಕ್ಕೆ ಆ ಕಡೆ ಈ ಕಡೆ ಒಯ್ದು, ಒಂದು ಹಲ್ಲು ಪ್ಯಾಲೆಟ್‌ನಿಂದ ಬಿಟ್ಟ ಮೇಲೆ ಎದುರಿನ ಹಲ್ಲು ಇನ್ನೊಂದು ಪ್ಯಾಲೆಟ್‌ಗೆ ಬಡಿಯೋವರೆಗೂ ಚಕ್ರ ಎಷ್ಟು ದೂರ ಬೀಳುತ್ತೆ ಅಂತ ನೋಡಿ. ಎರಡೂ ಕಡೆ ಸಮ ಇರ್ಬೇಕು. 15 ಹಲ್ಲಿಗೂ ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಡಿಮೆ ಇದ್ರೆ ವರ್ಜ್ ಕಡ್ಡಿ ಕ್ರೌನ್ ವೀಲ್‌ನ ನಡುವಿನ ಮೇಲೆ ಸರಿಯಾಗಿ ಕೂತಿಲ್ಲ, ಅದರ ಆಸರೆ ಸರಿಸ್ಬೇಕು. ಒಂದೆರಡು ಹಲ್ಲಲ್ಲಿ ಮಾತ್ರ ವ್ಯತ್ಯಾಸ ಇದ್ರೆ ಹಲ್ಲುಗಳ ಎತ್ತರ ಸಮ ಇಲ್ಲ. ಎಲ್ಲದರಲ್ಲೂ ಬೀಳೋದು ತುಂಬಾ ಜಾಸ್ತಿ, ಕೆಲವು ಸಲ ಹಲ್ಲು ತಪ್ಪಿಸ್ಕೊಂಡು ಪರಪರ ಓಡುತ್ತೆ ಅಂದ್ರೆ ವರ್ಜ್ ದೂರ ಇದೆ. ಬೀಳೋಕೆ ಜಾಗವೇ ಇಲ್ಲ, ತಗಲ್ಕೊಳ್ಳುತ್ತೆ ಅಂದ್ರೆ ತೀರಾ ಹತ್ತಿರ ಇದೆ. ಹಲ್ಲಿನ ಎತ್ತರದ್ದೊಂದು ಬಿಟ್ಟು ಉಳಿದದ್ದೆಲ್ಲವನ್ನೂ ಅರ ಮುಟ್ಟದೆ ಆಸರೆ ಸರಿಸಿಯೇ ತಿದ್ದಬಹುದು. ಪ್ಯಾಲೆಟ್‌ಗಳ ಮಧ್ಯದ ಕೋನ 90ರಿಂದ 100 ಡಿಗ್ರಿ ಒಳಗಿದ್ರೆ ಅದನ್ನ ಹಾಗೇ ಬಿಡಿ.

ಚಿತ್ರ ನೋಡಿ ಮಾಡೋರಿಗೆ ಇನ್ನೊಂದು ಮಾತು, ತಾಮ್ರದ ತಗಡಲ್ಲಿ ಕೆತ್ತಿದ ಚಿತ್ರ ಕಾಗದದ ಮೇಲೆ ಎಡ ಬಲ ತಿರುಗಿ ಬರುತ್ತೆ, ಕೆತ್ತಿದವರು ಅದನ್ನ ಲೆಕ್ಕಕ್ಕೆ ಇಟ್ಟು ಉಲ್ಟಾ ಕೆತ್ತದೇ ಇದ್ರೆ ಕ್ರೌನ್ ವೀಲ್ ಹಲ್ಲಿನ ವಾಲು, ರ್ಯಾಚೆಟ್‌ನ (ಒಂದೇ ಕಡೆ ತಿರುಗೋಕೆ ಬಿಡೋ ಹಲ್ಲುಚಕ್ರ) ದಿಕ್ಕು ಎಲ್ಲಾ ತಪ್ಪಾಗಿ ಕಾಣುತ್ತೆ. ಹಲ್ಲಿನ ಕಡಿದಾದ ಮುಖ ಪ್ಯಾಲೆಟ್ ಕಡೆ ಇರ್ಬೇಕು, ಅದನ್ನ ಚಿತ್ರಕ್ಕಿಂತ ತೂಕ ಎಳೆಯೋ ದಿಕ್ಕಿಂದ ತೀರ್ಮಾನ ಮಾಡಿ.

ಅರ್ಧ ಗಂಟೆ ಮುಂದೆ

ನಿಲ್ಲೋದು ಸರಿ ಹೋದ್ಮೇಲೆ ಇದು ಸ್ಪಷ್ಟವಾಗಿ ಅಳೆಯೋಕೆ ಸಿಕ್ತು. ಗುಂಡು ಕೆಳಗಿಳಿಸಿ ಸರಿ ಮಾಡ್ಬಹುದಿತ್ತು, ಎಲ್ಲರೂ ಅದನ್ನೇ ಹೇಳಿದ್ರು. ಆದ್ರೆ ಸೆಕೆಂಡ್ ಪೆಂಡುಲಮ್ ಉದ್ದ ಭೌತಶಾಸ್ತ್ರ ಹೇಳೋ ಉದ್ದ, ಅದು ಅರ್ಧ ಗಂಟೆ ತಪ್ಪಾಗಿದೆ ಅಂದ್ರೆ ನಾನು ಎಲ್ಲೋ ಅಳತೆ ತಪ್ಪಿದ್ದೀನಿ, ಅದೇ ತಪ್ಪು ಅಳತೆಯಿಂದ ಬೇರೆ ಏನೇನು ಮಾಡಿದ್ದೀನೋ ಅದೂ ತಪ್ಪಾಗಿರುತ್ತೆ. ಗುಂಡು ಇಳಿಸಿದ್ರೆ ಸಾಕ್ಷಿ ಅಳಿಸಿದ ಹಾಗೆ ಆಗ್ತಿತ್ತು.

ನನ್ನ ನೋಟ್ಸಲ್ಲಿ "ಸೆಕೆಂಡ್ ಪೆಂಡುಲಮ್ 38 ಇಂಚು" ಅಂತ ಇತ್ತು. ಯಾವ ಇಂಚು ಅಂತ ಬರ್ಕೊಂಡಿರ್ಲಿಲ್ಲ. ನಾನು 25.4ರಿಂದ ಗುಣಿಸಿ 965 ಮಿಮೀ ಮಾಡಿದ್ದೆ. ಹೈಗನ್ಸ್ ಕಾಲದ ಹಾಲೆಂಡಲ್ಲಿ ಬಳಕೆಯಲ್ಲಿದ್ದದ್ದು ರೈನ್‌ಲ್ಯಾಂಡ್ ಅಡಿ, ಸುಮಾರು 314 ಮಿಮೀ, ಅದರ ಇಂಚು 26.16 ಮಿಮೀ. 38 ಅಂಥ ಇಂಚು ಅಂದ್ರೆ 994 ಮಿಮೀ, ಅದೇ ಸರಿಯಾದ ಉದ್ದ. ಇಂಗ್ಲಿಷ್ ಇಂಚಲ್ಲಿ ಅದು 39.1. ನಾನು 29 ಮಿಮೀ ಚಿಕ್ಕದು ಮಾಡಿದ್ದೆ, ಬಡಿತದ ಕಾಲ ಉದ್ದದ ವರ್ಗಮೂಲಕ್ಕೆ ತಕ್ಕ ಹಾಗೆ ಬದಲಾಗೋದ್ರಿಂದ ಅದು ದಿನಕ್ಕೆ 21 ನಿಮಿಷ. ಪ್ಯಾರಿಸ್ ಅಡಿ ಇನ್ನೂ ಬೇರೆ, 324.8 ಮಿಮೀ. ಆ ಕಾಲದ ಯಾವ ಅಳತೆ ಬರ್ಕೊಂಡ್ರೂ ಪಕ್ಕದಲ್ಲಿ ಯಾವ ಊರಿನ ಅಡಿ ಅಂತ ಬರೀದೆ ಬಿಡ್ಬೇಡಿ. ಜಾಗದ ಪ್ರಕಾರವೂ ಉದ್ದ ಚೂರು ಬದಲಾಗುತ್ತೆ, 1672ರಲ್ಲಿ ದಕ್ಷಿಣ ಅಮೆರಿಕದ ಕಾಯೆನ್‌ಗೆ ಹೋದ ಜಾನ್ ರಿಶೆ ಅಲ್ಲಿ ಸೆಕೆಂಡ್ ಪೆಂಡುಲಮ್‌ನ ಪ್ಯಾರಿಸ್‌ಗಿಂತ ಒಂದೂಕಾಲು ಲೈನ್, ಅಂದ್ರೆ ಸುಮಾರು 2.8 ಮಿಮೀ ಚಿಕ್ಕದು ಮಾಡ್ಬೇಕಾಯ್ತು. ಹಾಗಾಗಿ ಭೂಮಧ್ಯರೇಖೆ ಹತ್ತಿರ ಇರೋರು 991 ಮಿಮೀ ಇಟ್ಕೊಳ್ಳಿ.

ಉದ್ದ ಎಲ್ಲಿಂದ ಎಲ್ಲಿಗೆ ಅಂತಾನೂ ನೋಡ್ಬೇಕು. 994 ಅನ್ನೋದು ಗುಂಡಿನ ತಳಕ್ಕೂ ಅಲ್ಲ, ನಡುವಿಗೂ ಅಲ್ಲ, ಆಂದೋಲನ ಕೇಂದ್ರಕ್ಕೆ, ಅಂದ್ರೆ ಪೂರ್ತಿ ತೂಕ ಒಂದೇ ಬಿಂದುವಲ್ಲಿದ್ದು ಅದೇ ಕಾಲಕ್ಕೆ ತೂಗ್ಬೇಕಾದ್ರೆ ಆ ಬಿಂದು ಎಲ್ಲಿರ್ಬೇಕೋ ಅಲ್ಲಿಗೆ. ಕಂಬಿಗೂ ತೂಕ ಇರೋದ್ರಿಂದ ಆ ಕೇಂದ್ರ ಗುಂಡಿನ ನಡುವಿಗಿಂತ ಸ್ವಲ್ಪ ಮೇಲೆ ಬರುತ್ತೆ. ಅದೇ ಪುಸ್ತಕದ ನಾಲ್ಕನೇ ಭಾಗ ಪೂರ್ತಿ ಇದರ ಬಗ್ಗೆನೇ ಇದೆ. ಕಂಬಿ ದಪ್ಪ ಇದ್ದಷ್ಟೂ ಗುಂಡನ್ನ ಕೆಳಗೆ ಇಡ್ಬೇಕು.

ಇಷ್ಟು ಸರಿ ಮಾಡಿದ್ರೂ ನಾಲ್ಕು ನಿಮಿಷದ ಮೇಲೆ ಉಳೀತು.

ಕೆನ್ನೆ

ಸಾಮಾನ್ಯ ಪೆಂಡುಲಮ್ ಅಗಲವಾಗಿ ತೂಗಿದ್ರೆ ನಿಧಾನ ಆಗುತ್ತೆ. ಎರಡೂ ಕಡೆ 12 ಡಿಗ್ರಿ ತೂಗಿದ್ರೆ, ತೀರಾ ಸಣ್ಣದಾಗಿ ತೂಗೋದಕ್ಕೆ ಹೋಲಿಸಿದ್ರೆ, ದಿನಕ್ಕೆ 237 ಸೆಕೆಂಡ್ ಹಿಂದೆ, 10 ಡಿಗ್ರಿ ಆದ್ರೆ 164, 5 ಡಿಗ್ರಿ ಆದ್ರೆ 41. ವರ್ಜ್‌ಗೆ ಅಗಲ ತೂಗಾಟ ಬೇಕೇ ಬೇಕು, ಹಾಗಾಗಿ ಇದು ಹೈಗನ್ಸ್‌ಗೆ ನಿಜವಾದ ಸಮಸ್ಯೆ. ಗುಂಡು ವೃತ್ತದಲ್ಲಿ ಹೋಗೋ ಬದಲು ಸೈಕ್ಲಾಯ್ಡ್ ಅನ್ನೋ ವಕ್ರರೇಖೆಯಲ್ಲಿ (ಉರುಳೋ ವೃತ್ತದ ಅಂಚಿನ ಒಂದು ಬಿಂದು ಬರೆಯೋ ರೇಖೆ) ಹೋದ್ರೆ ಅಗಲ ಎಷ್ಟಿದ್ರೂ ಕಾಲ ಒಂದೇ ಅಂತ 1659ರ ಡಿಸೆಂಬರ್‌ನಲ್ಲಿ ಕಂಡ್ಕೊಂಡ್ರು, ಕೆನ್ನೆಗೂ ಅದೇ ಆಕಾರ ಕೊಟ್ರೆ ದಾರ ಅದರ ಮೇಲೆ ಸುತ್ಕೊಂಡು ಗುಂಡನ್ನ ಆ ರೇಖೆಗೆ ತರುತ್ತೆ. (ಹಾಗಾಗಿ 1657ರಲ್ಲಿ ಸಲೊಮನ್ ಕೋಸ್ಟರ್ ಹೇಗ್‌ನಲ್ಲಿ ಮಾಡಿದ ಗಡಿಯಾರದ ರೆಪ್ಲಿಕಾಗೆ ಸರಿಯಾದ ಸೈಕ್ಲಾಯ್ಡ್ ಕೆನ್ನೆ ಹಾಕಿದ್ರೆ ಅದು ಇತಿಹಾಸದ ಪ್ರಕಾರ ತಪ್ಪು. ಆಗ ಕೆನ್ನೆ ಇತ್ತು, ಆದ್ರೆ ಲೆಕ್ಕ ಇರ್ಲಿಲ್ಲ, ಪ್ರಯೋಗ ಮಾಡಿ ಬಗ್ಗಿಸಿದ್ದು.)

ಕೆನ್ನೆ ಸರಿ ಇದೆಯಾ ಅಂತ ನೋಡೋಕೆ ಗಡಿಯಾರವೇ ಬೇಡ. ಕ್ರಚ್ ಬಿಡಿಸಿ ಪೆಂಡುಲಮ್ ಒಂದನ್ನೇ ದಾರದಲ್ಲಿ ತೂಗಕ್ಕೆ ಬಿಡಿ. 12 ಡಿಗ್ರಿಯಿಂದ ಬಿಟ್ಟು 200 ಬಡಿತಕ್ಕೆ ಎಷ್ಟು ಸೆಕೆಂಡ್, 4 ಡಿಗ್ರಿಯಿಂದ ಬಿಟ್ಟು 200 ಬಡಿತಕ್ಕೆ ಎಷ್ಟು ಅಂತ ಅಳೀರಿ, ಫೋನಲ್ಲಿ ವಿಡಿಯೋ ತೆಗೆದು ಫ್ರೇಮ್ ಎಣಿಸಿದ್ರೆ ಸಾಕಷ್ಟು ನಿಖರ ಬರುತ್ತೆ. ಕೆನ್ನೆ ಇಲ್ಲದೆ ಮಾಡಿದ್ರೆ ಅಗಲದ್ದು ಅರ್ಧ ಸೆಕೆಂಡಿನ ಹತ್ತಿರ ನಿಧಾನ ಬರುತ್ತೆ. ಸರಿಯಾದ ಕೆನ್ನೆ ಇದ್ರೆ ವ್ಯತ್ಯಾಸ ಸಿಗಬಾರದು.

ನನ್ನದ್ರಲ್ಲಿ ಅಗಲದ್ದು ಅರ್ಧ ಸೆಕೆಂಡಿನ ಹತ್ತಿರ ಬೇಗ ಬಂತು. ಮೂರು ಸಲ ಮಾಡ್ದೆ, ಮೂರು ಸಲವೂ ಅದೇ. ಕೆನ್ನೆ ಕೆಲಸ ಮಾಡ್ತಿಲ್ಲ ಅಂತ ನಾನು ಅಂದ್ಕೊಂಡಿದ್ದೆ, ಅದು ಬೇಕಾದ್ದಕ್ಕಿಂತ ಎರಡರಷ್ಟು ಕೆಲಸ ಮಾಡ್ತಿತ್ತು. ರಾತ್ರಿ ಕೂತು ಮತ್ತೆ ಲೆಕ್ಕ ತೆಗೆದಾಗ ಸಿಕ್ತು: ಸೈಕ್ಲಾಯ್ಡ್ ಬರೆಯೋ ಉರುಳು ವೃತ್ತದ ವ್ಯಾಸ ಪೆಂಡುಲಮ್ ಉದ್ದದ ಅರ್ಧ ಇರ್ಬೇಕು, ನಾನು ತ್ರಿಜ್ಯವನ್ನ ಅರ್ಧ ಇಟ್ಟಿದ್ದೆ. ಒಂದೇ ಒಂದು ಪದ ತಪ್ಪಾಗಿ ಓದಿದ್ದು. ತಿದ್ದುಪಡಿ ವೃತ್ತದ ಅಳತೆಗೆ ತಕ್ಕಷ್ಟೇ ಬದಲಾಗುತ್ತೆ, ವೃತ್ತ ಎರಡರಷ್ಟು ಆದ್ರೆ ತಿದ್ದುಪಡಿಯೂ ಎರಡರಷ್ಟು, ಹಾಗಾಗಿ ದಿನಕ್ಕೆ 237 ಸೆಕೆಂಡ್ ಹಿಂದೆ ಹೋಗೋದು 237 ಸೆಕೆಂಡ್ ಮುಂದೆ ಹೋಗೋದಾಗಿ ತಿರುಗಿತ್ತು. ಆ ನಾಲ್ಕು ನಿಮಿಷ ಅದೇ. ದಿನ ದಿನಕ್ಕೆ ಬದಲಾಗ್ತಿದ್ದದ್ದೂ ಬಹುಪಾಲು ಅದೇ, ಒಂದು ದಿನ 12 ಡಿಗ್ರಿ ತೂಗಿ ಇನ್ನೊಂದು ದಿನ 10 ಡಿಗ್ರಿ ತೂಗಿದ್ರೆ 73 ಸೆಕೆಂಡ್ ವ್ಯತ್ಯಾಸ.

ಈ ತಪ್ಪು ಕಣ್ಣಿಗೆ ಕಾಣಲ್ಲ. ಸರಿಯಾದ ಕೆನ್ನೆಯಲ್ಲಿ 12 ಡಿಗ್ರಿಗೆ ದಾರ ಮುಟ್ಟೋದು ಮೇಲಿನ 22 ಮಿಮೀ ಮಾತ್ರ, ಅಷ್ಟರಲ್ಲಿ ಕೆನ್ನೆ ಪಕ್ಕಕ್ಕೆ ಬಾಗಿರೋದು 3 ಮಿಮೀ. 5 ಡಿಗ್ರಿಗಾದ್ರೆ ಬರೀ 4 ಮಿಮೀ ಉದ್ದ, 0.2 ಮಿಮೀ ಬಾಗು, ದಾರವೇ ಅದಕ್ಕಿಂತ ದಪ್ಪ ಇರುತ್ತೆ. ಕೆಳಗಿನ ಉದ್ದನೆಯ ಚೆಂದದ ಬಾಗು ಎಲ್ಲಾ ನೋಡೋಕೆ ಮಾತ್ರ. ಹಾಗಾಗಿ ಕೆನ್ನೆ ಮಾಡೋವಾಗ ಮೇಲಿನ ಈ 20 ಚಿಲ್ಲರೆ ಮಿಮೀಗೆ ಪೂರ್ತಿ ಗಮನ ಕೊಡಿ, ದಾರ ಹಿಡಿದಿರೋ ಜಾಗ ಕೆನ್ನೆ ಶುರುವಾಗೋ ಜಾಗಕ್ಕೆ ಸರಿಯಾಗಿ ಬರ್ಬೇಕು, ಎರಡು ಕೆನ್ನೆ ಮಧ್ಯೆ ದಾರದ ದಪ್ಪಕ್ಕಿಂತ ಜಾಸ್ತಿ ಸಂದಿ ಇರಬಾರದು. ಹೊಸ ಕೆನ್ನೆ ಕತ್ತರಿಸಿ, 497 ಮಿಮೀ ವ್ಯಾಸದ ವೃತ್ತದ ಲೆಕ್ಕಕ್ಕೆ, ಅದೇ ಪರೀಕ್ಷೆ ಮತ್ತೆ ಮಾಡಿದಾಗ ವ್ಯತ್ಯಾಸ ನನ್ನ ಅಳತೆಗೆ ಸಿಗದಷ್ಟು ಕಡಿಮೆ ಆಯ್ತು. ಆವತ್ತು ನನಗಾದ ಖುಷಿ ಗಡಿಯಾರ ಮೊದಲು ಬಡಿದಾಗಲೂ ಆಗಿರ್ಲಿಲ್ಲ.

ಮುಟ್ಟದೆ ಬಿಟ್ಟಿದ್ದು

ಇನ್ನೂ ಎರಡು ವಿಷಯ ಉಳಿದಿದೆ, ಅವನ್ನ ನಾನು ತಿದ್ದಲ್ಲ. ತೂಕಕ್ಕೆ ಇನ್ನೂ ಸ್ವಲ್ಪ ಸೀಸ ಸೇರಿಸಿದ್ರೆ ಗಡಿಯಾರ ಮುಂದೆ ಹೋಗುತ್ತೆ. ವರ್ಜ್‌ನಲ್ಲಿ ಪ್ರತಿ ಬಡಿತಕ್ಕೂ ಪ್ಯಾಲೆಟ್ ಕ್ರೌನ್ ವೀಲ್‌ನ ಚೂರು ಹಿಂದಕ್ಕೆ ತಳ್ಳುತ್ತೆ, ಚಕ್ರ ಜೋರಾಗಿ ಒತ್ತಿದಷ್ಟೂ ಪೆಂಡುಲಮ್ ಬೇಗ ವಾಪಸ್ ಬರುತ್ತೆ, ಇದು ವರ್ಜ್‌ನ ಹುಟ್ಟುಗುಣ, ಕೆನ್ನೆ ಎಷ್ಟೇ ಸರಿ ಇದ್ರೂ ಇದು ಹೋಗಲ್ಲ.

ಇನ್ನೊಂದು ರೇಷ್ಮೆ ದಾರ. ಮಳೆ ದಿನ, ಒಣ ದಿನ, ಅದರ ಉದ್ದ ಬದಲಾಗುತ್ತೆ, ಪೆಂಡುಲಮ್ ಒಂದು ಮಿಮೀ ಬದಲಾದ್ರೆ ದಿನಕ್ಕೆ 43 ಸೆಕೆಂಡ್. ಕಬ್ಬಿಣದ ಕಂಬಿಯಿಂದಾಗೋದು ಇದರ ಮುಂದೆ ಏನೂ ಅಲ್ಲ, 10 ಡಿಗ್ರಿ ಸೆಲ್ಸಿಯಸ್ ಏರಿದ್ರೆ 0.12 ಮಿಮೀ, ಐದು ಸೆಕೆಂಡ್ ಅಷ್ಟೇ. ಹೊಸ ದಾರ ಹಾಕಿದ ಮೊದಲ ವಾರ ಎಳ್ಕೊಂಡು ಎಳ್ಕೊಂಡು ಉದ್ದ ಆಗುತ್ತೆ, ಆಗ ಗಡಿಯಾರ ದಿನಾ ಹಿಂದೆ ಬೀಳುತ್ತೆ, ಆ ವಾರದ ಲೆಕ್ಕ ತಗೋಬೇಡಿ, ಇಲ್ಲಾ ದಾರವನ್ನ ಮುಂಚೆನೇ ಗುಂಡಿನಷ್ಟೇ ತೂಕ ಕಟ್ಟಿ ಕೆಲವು ದಿನ ನೇತು ಹಾಕಿಡಿ. ನೈಲಾನ್ ಹಾಕಿ ಅಂತ ಸಲಹೆ ಬಂತು, ಹಾಕಿಲ್ಲ. ಎಣ್ಣೆ ವಿಷಯದಲ್ಲಿ ಮಾತ್ರ ನಾನು ಆ ಕಾಲಕ್ಕೆ ಅಂಟ್ಕೊಂಡಿಲ್ಲ, ಸಸ್ಯದ ಎಣ್ಣೆ ಅಂಟಾಗಿ ಗಟ್ಟಿ ಆಗುತ್ತೆ, ಈಗಿನ ಗಡಿಯಾರದ ಎಣ್ಣೆಯನ್ನೇ ಅಚ್ಚಿನ ತುದಿಗಳಿಗೆ ಮತ್ತು ಪ್ಯಾಲೆಟ್‌ಗೆ ಒಂದು ತೊಟ್ಟು, ಚಕ್ರದ ಹಲ್ಲಿಗೆ ಏನೂ ಇಲ್ಲ.

ದಾರ ಎರಡು ಎಳೆ ಇರೋದ್ರಿಂದ ಕೊನೇದಾಗಿ ಇದನ್ನ ನೋಡಿ: ಒಂದು ಎಳೆ ಇನ್ನೊಂದಕ್ಕಿಂತ ಚೂರು ಉದ್ದ ಇದ್ರೆ ಗುಂಡು ನೇರ ತೂಗದೆ ಸ್ವಲ್ಪ ತಿರುಚ್ತಾ ತೂಗುತ್ತೆ, ಎದುರಿಂದ ನೋಡಿದ್ರೆ ಗೊತ್ತಾಗಲ್ಲ, ಗಡಿಯಾರದ ಪಕ್ಕಕ್ಕೆ ಬಂದು ಗುಂಡಿನ ಅಂಚನ್ನ ನೋಡಿದ್ರೆ ಗೊತ್ತಾಗುತ್ತೆ. ನಾನು ಕೆನ್ನೆ ಬದಲಾಯಿಸಿದ ಪ್ರತಿ ಸಲವೂ ದಾರ ಕಟ್ಟಿದ ಮೇಲೆ ಹೀಗೆ ನೋಡಿ, ಎರಡು ಎಳೆಯನ್ನೂ ಬೆರಳಿಂದ ಮೀಟಿ ಒಂದೇ ಬಿಗಿ ಇದೆಯಾ ಅಂತ ಪರೀಕ್ಷೆ ಮಾಡಿ, ಆಮೇಲೇ ಕ್ರಚ್ ಸೇರಿಸ್ತೀನಿ.